ಪ್ರಾಕ್ಸಿಮಾದ ಸಂಕೇತವನ್ನು ಅಲ್ಲಗಳೆದ ಸಂಶೋಧಕಿ

2020ರ ಡಿಸೆಂಬರ್ 18ರಂದು ಬ್ರಿಟನ್ನಿನ ಪತ್ರಿಕೆಯೊಂದರಲ್ಲಿ ಬಂದ ಸುದ್ದಿ ಕೆಲವೇ ಗಂಟೆಗಳಲ್ಲಿ ಜಗತ್ತನ್ನು ಸುತ್ತಿತು. ಸೂರ್ಯನಿಗೆ ಅತ್ಯಂತ ಹತ್ತಿರದ ನಕ್ಷತ್ರವಾದ ಪ್ರಾಕ್ಸಿಮಾ ಸೆಂಟಾರಿಯ ದಿಕ್ಕಿನಿಂದ ವಿಚಿತ್ರವಾದ ರೇಡಿಯೊ ಸಂಕೇತವೊಂದು ಸಿಕ್ಕಿದೆ, ಅದರ ಮೂಲವನ್ನು ವಿಜ್ಞಾನಿಗಳು ಇನ್ನೂ ಪರಿಶೀಲಿಸುತ್ತಿದ್ದಾರೆ ಎಂಬುದು ಅದರ ತಿರುಳು. ವಿಜ್ಞಾನಿಗಳು ತಾವಾಗಿ ಪ್ರಕಟಿಸಿದ ಸುದ್ದಿಯಲ್ಲ ಅದು, ಸೋರಿ ಹೊರಬಂದದ್ದು. ಪರಿಶೀಲನೆಯ ನೇತೃತ್ವ ವಹಿಸಿದ್ದವರು ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಆಗಿನ್ನೂ ಪಿಎಚ್‌.ಡಿ. ಮಾಡುತ್ತಿದ್ದ ಸೋಫಿಯಾ ಶೇಖ್. ಎಲ್ಲರೂ ಕುತೂಹಲದಿಂದ ಕೇಳುತ್ತಿದ್ದ ಪ್ರಶ್ನೆಗೆ ಉತ್ತರ ಹುಡುಕುವ ಭಾರ ಒಬ್ಬ ಸಂಶೋಧನಾ ವಿದ್ಯಾರ್ಥಿನಿಯ ಹೆಗಲಿಗೆ ಬಿದ್ದಿತ್ತು.

ಹತ್ತು ತಿಂಗಳ ನಂತರ, 2021ರ ಅಕ್ಟೋಬರ್‌ನಲ್ಲಿ, ‘ನೇಚರ್ ಅಸ್ಟ್ರಾನಮಿ’ ನಿಯತಕಾಲಿಕದಲ್ಲಿ ಆ ಉತ್ತರ ಪ್ರಕಟವಾಯಿತು. ಸಂಕೇತ ಪ್ರಾಕ್ಸಿಮಾದ್ದಲ್ಲ, ಭೂಮಿಯದೇ. ಸೋರಿದ ಸುದ್ದಿ ಎಬ್ಬಿಸಿದ ಸದ್ದನ್ನು ಈ ಉತ್ತರ ಎಬ್ಬಿಸಲಿಲ್ಲ. ಆದರೆ ಭೂಮಿಯಾಚೆಗಿನ ಜೀವದ ಹುಡುಕಾಟ ಎಂಥದ್ದು ಎಂದು ತಿಳಿಯಬೇಕಾದವರು ಓದಬೇಕಾದದ್ದು ಈ ಉತ್ತರವನ್ನೇ. ಕೈಗೆ ಸಿಕ್ಕಿದ್ದನ್ನು ಅಲ್ಲಗಳೆಯಲು ಶಕ್ತಿಮೀರಿ ಹೆಣಗುವುದೇ ಈ ಕ್ಷೇತ್ರದ ಅತ್ಯಂತ ಕಠಿಣವಾದ, ಅತ್ಯಂತ ಜಾಣ್ಮೆಯ ಕೆಲಸ ಎಂದು ನಾನು ನಂಬಿದ್ದೇನೆ. ಮತ್ತು ಆ ಕೆಲಸದ ದೊಡ್ಡ ಪಾಲನ್ನು ಮಾಡುತ್ತಿರುವವರು ವೃತ್ತಿಯ ಮೊದಲ ಮೆಟ್ಟಿಲಲ್ಲಿರುವ ಯುವ ಸಂಶೋಧಕರು.

ಮೊದಲು ಆ ಸಂಕೇತವನ್ನೇ ಹತ್ತಿರದಿಂದ ನೋಡೋಣ. 2019ರ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿರುವ ಪಾರ್ಕ್ಸ್ ರೇಡಿಯೊ ದೂರದರ್ಶಕ ಪ್ರಾಕ್ಸಿಮಾ ಸೆಂಟಾರಿಯತ್ತ ಮುಖ ಮಾಡಿತ್ತು. 64 ಮೀಟರ್ ವ್ಯಾಸದ ಈ ಬೋಗುಣಿಯನ್ನು ಆ ಹೊತ್ತಿಗೆ ಬಳಸುತ್ತಿದ್ದದ್ದು ಮುಖ್ಯವಾಗಿ ನಕ್ಷತ್ರದ ಮೇಲ್ಮೈಯಲ್ಲಿ ಏಳುವ ಜ್ವಾಲೆಗಳ ಅಧ್ಯಯನಕ್ಕೆ. ಅದೇ ದತ್ತಾಂಶವನ್ನು ‘ಬ್ರೇಕ್‌ಥ್ರೂ ಲಿಸನ್’ ತಂಡವೂ ದಾಖಲಿಸಿಕೊಳ್ಳುತ್ತಿತ್ತು. ಶತಕೋಟ್ಯಧೀಶ ಹೂಡಿಕೆದಾರ ಯೂರಿ ಮಿಲ್ನರ್ ಅವರು ಹತ್ತು ವರ್ಷಗಳಿಗೆ 10 ಕೋಟಿ ಡಾಲರ್ ಒದಗಿಸುವುದಾಗಿ ಘೋಷಿಸಿ 2015ರಲ್ಲಿ ಆರಂಭಿಸಿದ ಯೋಜನೆ ಇದು. ಬೇರೆ ಲೋಕಗಳ ತಂತ್ರಜ್ಞಾನ ಹೊಮ್ಮಿಸಿರಬಹುದಾದ ರೇಡಿಯೊ ಅಲೆಗಳನ್ನು ಹುಡುಕುವುದು ಇದರ ಗುರಿ. ಪ್ರಾಕ್ಸಿಮಾ ಇರುವುದು ನಮ್ಮಿಂದ 4.2 ಜ್ಯೋತಿರ್ವರ್ಷ ದೂರದಲ್ಲಿ. ಅದರ ಸುತ್ತ ಸುಮಾರು 11 ದಿನಗಳಿಗೊಮ್ಮೆ ಸುತ್ತುವ, ಹೆಚ್ಚುಕಡಿಮೆ ಭೂಮಿಯಷ್ಟೇ ತೂಕದ ಗ್ರಹವೊಂದಿದೆ ಎಂಬುದು 2016ರಲ್ಲೇ ಗೊತ್ತಾಗಿತ್ತು. ಅಂದರೆ ಕಿವಿಗೊಡಲು ಯೋಗ್ಯವಾದ ನೆರೆಮನೆ ಅದು.

ದತ್ತಾಂಶ ಒಂದು ವರ್ಷಕ್ಕೂ ಹೆಚ್ಚು ಕಾಲ ಹಾಗೇ ಇತ್ತು. 2020ರಲ್ಲಿ ಇಂಟರ್ನ್ ಆಗಿ ಬಂದಿದ್ದ ಪದವಿ ವಿದ್ಯಾರ್ಥಿ ಶೇನ್ ಸ್ಮಿತ್ ಅದನ್ನು ಜಾಲಾಡಿದರು. ಕಂಪ್ಯೂಟರ್ ಎತ್ತಿಕೊಟ್ಟ 40 ಲಕ್ಷಕ್ಕೂ ಹೆಚ್ಚು ಸಂಕೇತಗಳನ್ನು ಒಂದಾದ ಮೇಲೊಂದು ಜರಡಿಯಲ್ಲಿ ಹಾಯಿಸಿದಾಗ ಕೊನೆಗೆ ಒಂದೇ ಒಂದು ಉಳಿಯಿತು. 2019ರ ಏಪ್ರಿಲ್ 29ರಂದು ದಾಖಲಾದ, 982 ಮೆಗಾಹರ್ಟ್ಸ್ ಕಂಪನಾಂಕದ ಸಂಕೇತ, ದತ್ತಾಂಶದ ನಕ್ಷೆಯಲ್ಲಿ ಒಂದು ತೆಳು ಗೆರೆ. ತಂಡ ಅದಕ್ಕೆ ‘ಬಿಎಲ್‌ಸಿ1’ (ಬ್ರೇಕ್‌ಥ್ರೂ ಲಿಸನ್‌ನ ಮೊದಲ ಅಭ್ಯರ್ಥಿ ಸಂಕೇತ) ಎಂದು ಹೆಸರಿಟ್ಟಿತು. ಯೋಜನೆ ಆರಂಭವಾದ ಮೇಲೆ ಇಂಥ ಹೆಸರು ಪಡೆದ ಮೊದಲ ಸಂಕೇತ.

ಆ ಗೆರೆ ಅಷ್ಟು ಕುತೂಹಲ ಹುಟ್ಟಿಸಿದ್ದೇಕೆ? ಮೂರು ಕಾರಣಗಳಿದ್ದವು. ನಕ್ಷತ್ರಗಳು, ಅನಿಲದ ಮೋಡಗಳು, ಮಿಡಿಯುವ ನಕ್ಷತ್ರಗಳಾದ ಪಲ್ಸಾರ್‌ಗಳು ಹೊಮ್ಮಿಸುವ ರೇಡಿಯೊ ಅಲೆಗಳು ಅಗಲವಾದ ಕಂಪನಾಂಕ ಪಟ್ಟಿಯ ಮೇಲೆ ಹರಡಿಕೊಳ್ಳುತ್ತವೆ. ಕೆಲವೇ ಹರ್ಟ್ಸ್ ಅಗಲದ ಗೆರೆಯನ್ನು ನಿಸರ್ಗ ಎಳೆಯುವುದು ನಮಗೆ ತಿಳಿದಿಲ್ಲ, ಅದಕ್ಕೆ ಪ್ರಸಾರಕ ಯಂತ್ರ ಬೇಕು. ಎರಡನೆಯದಾಗಿ, ಗೆರೆ ನೆಟ್ಟಗೆ ನಿಂತಿರಲಿಲ್ಲ, ಕಂಪನಾಂಕ ಕ್ಷಣಕ್ಷಣಕ್ಕೂ ತುಸುತುಸುವೇ ಸರಿಯುತ್ತಿತ್ತು. ಹಾದುಹೋಗುವ ರೈಲಿನ ಸೀಟಿಯ ಶ್ರುತಿ ಬದಲಾಗುವಂತೆ, ಚಲಿಸುವ ಗ್ರಹದ ಮೇಲಿರುವ ಪ್ರಸಾರಕದ ಕಂಪನಾಂಕವೂ ನಮಗೆ ಬದಲಾಗುತ್ತಿರುವಂತೆ ಕಾಣಬೇಕು. ಪಕ್ಕದಲ್ಲೇ ನಿಶ್ಚಲವಾಗಿ ಕುಳಿತ ಯಂತ್ರದಿಂದ ಇದನ್ನು ಸಾಮಾನ್ಯವಾಗಿ ನಿರೀಕ್ಷಿಸುವುದಿಲ್ಲ.

ಮೂರನೆಯದೇ ಮುಖ್ಯ. ದೂರದರ್ಶಕ ಸುಮಾರು ಅರ್ಧ ಗಂಟೆ ಪ್ರಾಕ್ಸಿಮಾವನ್ನು ನೋಡಿ, ನಂತರ ಕೆಲವು ನಿಮಿಷ ಆಕಾಶದ ಬೇರೊಂದು ಭಾಗಕ್ಕೆ ಹೊರಳಿ, ಮತ್ತೆ ಪ್ರಾಕ್ಸಿಮಾಕ್ಕೆ ಮರಳುತ್ತಿತ್ತು. ಹತ್ತಿರದ ಯಾವುದೋ ಉಪಕರಣದ ಗದ್ದಲವಾದರೆ ದೂರದರ್ಶಕ ಎತ್ತ ತಿರುಗಿದರೂ ಅದು ಕೇಳಿಸಬೇಕು. ನಕ್ಷತ್ರದ ಕಡೆಯಿಂದಲೇ ಬರುವುದಾದರೆ ಅತ್ತ ನೋಡಿದಾಗ ಮಾತ್ರ ಕೇಳಿಸಬೇಕು. ಬಿಎಲ್‌ಸಿ1 ಸುಮಾರು ಐದು ಗಂಟೆಗಳ ಅವಧಿಯಲ್ಲಿ ಈ ಪರೀಕ್ಷೆಯನ್ನು ಮತ್ತೆ ಮತ್ತೆ ಪಾಸು ಮಾಡಿತು. ಪ್ರಾಕ್ಸಿಮಾದತ್ತ ತಿರುಗಿದಾಗ ಇತ್ತು, ಹೊರಳಿದಾಗ ಇರಲಿಲ್ಲ.

ಇಷ್ಟೆಲ್ಲ ಕೈಯಲ್ಲಿದ್ದಾಗ ಹಿಗ್ಗದೆ ಇರುವುದು ಸುಲಭವಲ್ಲ. ಶೇಖ್ ಮಾಡಿದ್ದು ಪರೀಕ್ಷೆಗಳ ಪಟ್ಟಿಯೊಂದನ್ನು ಕಟ್ಟಿದ್ದು. ಉಪಕರಣ ಸರಿಯಾಗಿ ಕೆಲಸ ಮಾಡುತ್ತಿತ್ತೇ? ಆ ಹೊತ್ತಿಗೆ ಆ ದಿಕ್ಕಿನಲ್ಲಿ ಯಾವುದಾದರೂ ಉಪಗ್ರಹ ಹಾದುಹೋಗಿತ್ತೇ? ಕಂಪನಾಂಕ ಸರಿದ ರೀತಿ ಪ್ರಾಕ್ಸಿಮಾದ ಗ್ರಹದ ಚಲನೆಗೆ ಹೊಂದುತ್ತದೆಯೇ? ಬೇರೆ ದಿನಗಳಲ್ಲಿ ಇದೇ ಸಂಕೇತ ಕಂಡಿತ್ತೇ? ಮತ್ತೆ ನೋಡಿದರೆ ಕಾಣುತ್ತದೆಯೇ? ಮತ್ತೆ ನೋಡಿದಾಗ ಕಾಣಲಿಲ್ಲ. ಆದರೆ ಅಷ್ಟರಿಂದಲೇ ಅದನ್ನು ತಳ್ಳಿಹಾಕಲಾಗುವುದಿಲ್ಲ. 1977ರ ಆಗಸ್ಟ್ 15ರಂದು ಓಹಾಯೊದ ದೂರದರ್ಶಕವೊಂದು 72 ಸೆಕೆಂಡುಗಳ ಕಾಲ ಹಿಡಿದ ‘ವಾವ್’ ಸಂಕೇತವೂ ಮರಳಿ ಬಂದಿಲ್ಲ. ಹಾಗಾಗಿಯೇ ಅದು ಇಂದಿಗೂ ಬಗೆಹರಿಯದೆ ಜೋತಾಡುತ್ತಿದೆ. ಬಿಎಲ್‌ಸಿ1 ಅದೇ ಸ್ಥಿತಿಗೆ ಹೋಗಬಹುದಿತ್ತು.

ಹೋಗದಂತೆ ತಡೆದದ್ದು ಒಂದು ಜಾಣ ಹೆಜ್ಜೆ. 982 ಮೆಗಾಹರ್ಟ್ಸ್‌ನ ಆ ಗೆರೆಯನ್ನೇ ದಿಟ್ಟಿಸುತ್ತ ಕೂರುವ ಬದಲು, ಅದೇ ರೀತಿಯಲ್ಲಿ ಸರಿಯುವ ಗೆರೆಗಳು ಬೇರೆ ಕಂಪನಾಂಕಗಳಲ್ಲೂ ಇವೆಯೇ ಎಂದು ಇಡೀ ದತ್ತಾಂಶವನ್ನು ಅವರು ಶೋಧಿಸಿದರು. ಸುಮಾರು 60 ಸಿಕ್ಕವು. ಅವುಗಳಲ್ಲಿ ಹಲವು ದೂರದರ್ಶಕ ಬೇರೆಡೆಗೆ ಹೊರಳಿದಾಗಲೂ ಕಾಣಿಸುತ್ತಿದ್ದವು. ಅಂದರೆ ಅವು ನಿಸ್ಸಂಶಯವಾಗಿ ಸ್ಥಳೀಯ ಗದ್ದಲ, ಹಾಗಾಗಿಯೇ ಸ್ವಯಂಚಾಲಿತ ಜರಡಿ ಅವನ್ನು ಮೊದಲೇ ಎಸೆದುಬಿಟ್ಟಿತ್ತು. ಎಸೆದ ಕಸದಲ್ಲೇ ಉತ್ತರ ಇತ್ತು. ಈ ಗೆರೆಗಳ ನಡುವಿನ ಅಂತರಗಳನ್ನು ಲೆಕ್ಕ ಹಾಕಿದಾಗ, ದಿನಬಳಕೆಯ ಎಲೆಕ್ಟ್ರಾನಿಕ್ ಉಪಕರಣಗಳಲ್ಲಿ ಕಾಲ ಅಳೆಯಲು ಹಾಕುವ ಆಂದೋಲಕಗಳ ಕಂಪನಾಂಕಗಳ ಗುಣಕಗಳು ಹೊರಬಿದ್ದವು. ಎರಡು ಕಂಪನಾಂಕಗಳು ಸರ್ಕಿಟ್ಟೊಂದರಲ್ಲಿ ಬೆರೆತಾಗ ಅವುಗಳ ಮೊತ್ತ ಮತ್ತು ವ್ಯತ್ಯಾಸಗಳ ಜಾಗದಲ್ಲಿ ಹೊಸ ಕಂಪನಾಂಕಗಳು ಹುಟ್ಟುತ್ತವೆ. ಬಿಎಲ್‌ಸಿ1 ಅಂಥ ಬೆರಕೆಯ ಕೂಸು. ಆಂದೋಲಕದ ಕಂಪನಾಂಕ ನಿಧಾನವಾಗಿ ಸರಿಯುವುದರಿಂದ ಗೆರೆಯೂ ಸರಿದಿತ್ತು. ದೂರದರ್ಶಕ ಹೊರಳುವ ಲಯಕ್ಕೂ ಆ ಗದ್ದಲ ಏರಿಳಿಯುವ ಲಯಕ್ಕೂ ಆಕಸ್ಮಿಕವಾಗಿ ತಾಳೆ ಬಿದ್ದಿತ್ತು. 40 ಲಕ್ಷ ಸಂಕೇತಗಳಲ್ಲಿ ಒಂದಕ್ಕೆ ಹೀಗೆ ತಾಳೆ ಬೀಳುವುದು ಅಚ್ಚರಿಯೇನಲ್ಲ, ಬೀಳದಿದ್ದರೇ ಅಚ್ಚರಿ.

ಯಾವ ಉಪಕರಣ ಎಂಬುದು ಕೊನೆಗೂ ಪತ್ತೆಯಾಗಲಿಲ್ಲ. ಪತ್ತೆಯಾಗಬೇಕಾದ ಅಗತ್ಯವೂ ಇರಲಿಲ್ಲ. ಆ ಪ್ರಬಂಧದಲ್ಲಿ ನನಗೆ ಅತ್ಯಂತ ಇಷ್ಟವಾಗುವುದು ಇದು: ‘ಮರಳಿ ಬರಲಿಲ್ಲ, ಆದ್ದರಿಂದ ಬಿಟ್ಟೆವು’ ಎನ್ನುವ ಸುಲಭದ ದಾರಿ ಹಿಡಿಯದೆ, ಇದು ನಮ್ಮದೇ ಗದ್ದಲ ಎಂದು ಸಕಾರಾತ್ಮಕ ಪುರಾವೆಯೊಂದಿಗೆ ತೋರಿಸಿದ್ದು. ಅನುಮಾನವನ್ನು ಹಾಗೇ ತೇಲಲು ಬಿಟ್ಟಿದ್ದರೆ ವರ್ಷಗಳ ಕಾಲ ಅದರ ಸುತ್ತ ಹೆಸರು, ಪ್ರಚಾರ ಎರಡೂ ಸಿಗುತ್ತಿತ್ತು.

ಇದೇ ಪಾರ್ಕ್ಸ್‌ನಲ್ಲಿ ಇನ್ನೊಬ್ಬ ಯುವ ಸಂಶೋಧಕಿ ಬಿಡಿಸಿದ ಒಗಟು ಇದಕ್ಕಿಂತ ಪ್ರಸಿದ್ಧ. 1998ರಿಂದಲೂ ಆ ದೂರದರ್ಶಕಕ್ಕೆ ಆಗಾಗ ವಿಚಿತ್ರ ಮಿಡಿತಗಳು ಕೇಳಿಸುತ್ತಿದ್ದವು. ಅವಕ್ಕೆ ‘ಪೆರಿಟಾನ್’ ಎಂದು ಹೆಸರಿಟ್ಟಿದ್ದರು. ಹೆಚ್ಚಾಗಿ ಕಚೇರಿ ವೇಳೆಯಲ್ಲೇ ಬರುತ್ತಿದ್ದುದರಿಂದ ಅವು ಆಕಾಶದ್ದಲ್ಲ ಎಂಬ ಗುಮಾನಿ ಇತ್ತು, ಮೂಲ ಮಾತ್ರ ಸಿಕ್ಕಿರಲಿಲ್ಲ. ಪಿಎಚ್‌.ಡಿ. ವಿದ್ಯಾರ್ಥಿನಿ ಎಮಿಲಿ ಪೆಟ್ರಾಫ್ ಮತ್ತು ಅವರ ಸಂಗಡಿಗರು 2015ರಲ್ಲಿ ಕಳ್ಳನನ್ನು ಹಿಡಿದರು. ಕೇಂದ್ರದ ಮೈಕ್ರೊವೇವ್ ಒಲೆ. ನಿಗದಿತ ಸಮಯ ಮುಗಿಯುವ ಮೊದಲೇ ಯಾರಾದರೂ ಅದರ ಬಾಗಿಲು ಎಳೆದು ತೆರೆದರೆ, ಒಳಗೆ ಅಲೆಗಳನ್ನು ಹುಟ್ಟಿಸುವ ಮ್ಯಾಗ್ನೆಟ್ರಾನ್ ನಿಲ್ಲುವ ಆ ಕ್ಷಣದಲ್ಲಿ ಒಂದು ಮಿಡಿತ ಹೊರಬೀಳುತ್ತಿತ್ತು. ದೂರದರ್ಶಕ ಸರಿಯಾದ ಕೋನದಲ್ಲಿದ್ದರೆ ಅದನ್ನು ಹಿಡಿಯುತ್ತಿತ್ತು.

ಸುದ್ದಿ ಕೇಳಿ ಜನ ನಕ್ಕರು. ನಕ್ಕವರು ಗಮನಿಸದೆ ಬಿಟ್ಟದ್ದು ಆ ಶೋಧದ ಇನ್ನೊಂದು ಫಲವನ್ನು. ಪೆರಿಟಾನ್‌ಗಳನ್ನೇ ಹೋಲುವ, ಆದರೆ ನಿಜಕ್ಕೂ ಬಾಹ್ಯಾಕಾಶದಿಂದ ಬರುವ ‘ಕ್ಷಿಪ್ರ ರೇಡಿಯೊ ಸ್ಫೋಟ’ಗಳು 2007ರಲ್ಲಿ ಇದೇ ಪಾರ್ಕ್ಸ್‌ನ ಹಳೆಯ ದತ್ತಾಂಶದಲ್ಲಿ ಮೊದಲ ಸಲ ಪತ್ತೆಯಾಗಿದ್ದವು. ಪೆರಿಟಾನ್‌ಗಳ ದೆಸೆಯಿಂದ ಅವುಗಳ ಮೇಲೂ ಸಂದೇಹದ ನೆರಳಿತ್ತು. ಒಲೆಯ ಮಿಡಿತ ಯಾವುದು, ಆಕಾಶದ್ದು ಯಾವುದು ಎಂದು ಪೆಟ್ರಾಫ್ ತಂಡ ಬೇರ್ಪಡಿಸಿ ತೋರಿಸಿದ ಮೇಲೆ ಆ ನೆರಳು ಸರಿಯಿತು. ಇಂದು ಕ್ಷಿಪ್ರ ರೇಡಿಯೊ ಸ್ಫೋಟಗಳು ಖಗೋಳ ವಿಜ್ಞಾನದ ಅತ್ಯಂತ ಚುರುಕಾದ ಶಾಖೆಗಳಲ್ಲೊಂದು. ಒಂದನ್ನು ಅಲ್ಲಗಳೆದದ್ದರಿಂದ ಇನ್ನೊಂದು ನಿಂತಿತು.

ಇನ್ನೂ ಹಿಂದಕ್ಕೆ ಹೋದರೆ 1967ರ ಕೇಂಬ್ರಿಜ್. 24 ವರ್ಷದ ಜೋಸೆಲಿನ್ ಬೆಲ್ ದಿನಕ್ಕೆ ಸುಮಾರು 30 ಮೀಟರ್ ಉದ್ದದ ಕಾಗದದ ಸುರುಳಿಯನ್ನು ಕಣ್ಣಿನಿಂದಲೇ ಓದುತ್ತಿದ್ದಾಗ, ಪ್ರತಿ 1.3 ಸೆಕೆಂಡಿಗೊಮ್ಮೆ ತಪ್ಪದೆ ಬರುವ ಮಿಡಿತವೊಂದನ್ನು ಕಂಡರು. ‘ಪುಟ್ಟ ಹಸಿರು ಮನುಷ್ಯರು’ ಎಂಬ ಅಡ್ಡಹೆಸರು ಅದಕ್ಕೆ ಅಂಟಿತು. ಆಕಾಶದ ಬೇರೊಂದು ಮೂಲೆಯಲ್ಲಿ ಅಂಥದ್ದೇ ಇನ್ನೊಂದು ಮಿಡಿತವನ್ನು ಬೆಲ್ ಅವರೇ ಪತ್ತೆ ಹಚ್ಚಿದ ಮೇಲೆ ಆ ಕಲ್ಪನೆ ನಿಲ್ಲಲಿಲ್ಲ. ಒಂದಕ್ಕೊಂದು ಸಂಬಂಧವಿಲ್ಲದ ಎರಡು ನಾಗರಿಕತೆಗಳು ಒಂದೇ ಕಾಲಕ್ಕೆ, ಒಂದೇ ಬಗೆಯಲ್ಲಿ ನಮ್ಮನ್ನು ಕರೆಯುವುದು ನಂಬುವ ಮಾತಲ್ಲ. ಸಿಕ್ಕಿದ್ದು ಪಲ್ಸಾರ್ ಎಂಬ ಹೊಸ ಬಗೆಯ ನಕ್ಷತ್ರ. 1974ರ ನೊಬೆಲ್ ಪ್ರಶಸ್ತಿಯಲ್ಲಿ ಆ ಶೋಧದ ಪಾಲು ಹೋದದ್ದು ಅವರ ಮಾರ್ಗದರ್ಶಕರಿಗೆ. ಇದು ನ್ಯಾಯವೆಂದು ನನಗೆ ಯಾವತ್ತೂ ಅನ್ನಿಸಿಲ್ಲ.

ಮನ್ನಣೆ ಹಿರಿಯರಿಗೆ ಹೋಗುವುದು ಒಂದು ಬಗೆ. ಪೆಟ್ಟು ಕಿರಿಯರಿಗೆ ಬೀಳುವುದು ಇನ್ನೊಂದು ಬಗೆ. 2010ರ ಡಿಸೆಂಬರ್‌ನಲ್ಲಿ ನಾಸಾ ಪತ್ರಿಕಾಗೋಷ್ಠಿ ಕರೆದು, ಕ್ಯಾಲಿಫೋರ್ನಿಯಾದ ಮೋನೊ ಸರೋವರದ ಬ್ಯಾಕ್ಟೀರಿಯವೊಂದು ರಂಜಕದ ಬದಲು ಆರ್ಸೆನಿಕ್ ಬಳಸಿ ಬೆಳೆಯಬಲ್ಲದು ಎಂದು ಸಾರಿತು. ಭೂಮಿಯಾಚೆಗಿನ ಜೀವದ ಹುಡುಕಾಟದ ಮೇಲೆ ಪರಿಣಾಮ ಬೀರುವ ಶೋಧ ಎಂಬ ಮುನ್ಸೂಚನೆಯನ್ನೂ ಕೊಟ್ಟಿತ್ತು. ವೇದಿಕೆಯ ಮುಂಚೂಣಿಯಲ್ಲಿ ಇದ್ದವರು ಯುವ ಸಂಶೋಧಕಿ ಫೆಲಿಸಾ ವುಲ್ಫ್-ಸೈಮನ್. 2012ರಲ್ಲಿ ಎರಡು ಸ್ವತಂತ್ರ ತಂಡಗಳು ಆ ಬ್ಯಾಕ್ಟೀರಿಯಕ್ಕೂ ರಂಜಕ ಬೇಕೇ ಬೇಕು ಎಂದು ತೋರಿಸಿದವು. 2025ರ ಜುಲೈನಲ್ಲಿ ‘ಸೈನ್ಸ್’ ನಿಯತಕಾಲಿಕ ಮೂಲ ಪ್ರಬಂಧವನ್ನು ಹಿಂತೆಗೆದುಕೊಂಡಿತು. ವಂಚನೆಯ ಆರೋಪವಿಲ್ಲ, ದತ್ತಾಂಶದಲ್ಲಿ ದೋಷವಿದೆ ಎಂಬುದು ಸಂಪಾದಕರ ನಿಲುವು. ಲೇಖಕರು ಅದನ್ನು ಒಪ್ಪಿಲ್ಲ.

ಪ್ರಬಂಧ ತಪ್ಪಾಗಿತ್ತು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಪರಿಶೀಲನೆ ಮುಗಿಯುವ ಮೊದಲೇ ವೇದಿಕೆ ಕಟ್ಟಿದ್ದು ಯಾರು? ಪ್ರಬಂಧವನ್ನು ಒಪ್ಪಿದ ವಿಮರ್ಶಕರು, ಪ್ರಕಟಿಸಿದ ನಿಯತಕಾಲಿಕ, ಪ್ರಚಾರ ಕೊಟ್ಟ ಸಂಸ್ಥೆ ಎಲ್ಲರೂ ಇದ್ದರು. ಟೀಕೆಯ ಬಿರುಗಾಳಿ ಎದುರಾದಾಗ ಹೆಚ್ಚಿನ ಹೊಡೆತ ತಿಂದದ್ದು ಮಾತ್ರ ಮುಂದೆ ನಿಲ್ಲಿಸಲಾಗಿದ್ದ ಆ ಒಬ್ಬರು. ಬಿಎಲ್‌ಸಿ1 ವಿಷಯದಲ್ಲಿ ಹಾಗಾಗಲಿಲ್ಲ. ಸುದ್ದಿ ಸೋರಿದರೂ ತಂಡ ಘೋಷಣೆಗೆ ಇಳಿಯಲಿಲ್ಲ, ಪರಿಶೀಲನೆಗೆ ಬೇಕಾದ ಸಮಯವನ್ನು ವಿದ್ಯಾರ್ಥಿನಿಗೆ ಕೊಟ್ಟಿತು. ಈ ಎರಡು ಪ್ರಕರಣಗಳ ನಡುವಿನ ವ್ಯತ್ಯಾಸಕ್ಕೆ ವ್ಯಕ್ತಿಗಳ ಪ್ರತಿಭೆಗಿಂತ ಸಂಸ್ಥೆಗಳ ನಡವಳಿಕೆಯೇ ಹೆಚ್ಚಿನ ಕಾರಣ ಎಂಬುದು ನನ್ನ ತೀರ್ಮಾನ.

ಈ ಮಾತು ಈಗ ಇನ್ನಷ್ಟು ಮುಖ್ಯವಾಗಿದೆ, ಏಕೆಂದರೆ ಹುಡುಕಾಟ ರೇಡಿಯೊ ಅಲೆಗಳಿಂದ ಗ್ರಹಗಳ ವಾತಾವರಣದ ರಸಾಯನಕ್ಕೆ ವಿಸ್ತರಿಸಿದೆ. ಅಲ್ಲಿ ಅಲ್ಲಗಳೆಯುವುದು ಇನ್ನೂ ತ್ರಾಸದ ಕೆಲಸ. 124 ಜ್ಯೋತಿರ್ವರ್ಷ ದೂರದ ಕೆ2-18ಬಿ ಗ್ರಹದ ಉದಾಹರಣೆ ನೋಡಿ. ಅದರ ವಾತಾವರಣದಲ್ಲಿ ಡೈಮೀಥೈಲ್ ಸಲ್ಫೈಡ್ ಅಥವಾ ಅದರ ಹತ್ತಿರದ ಸಂಯುಕ್ತವೊಂದರ ಸುಳಿವು ಸಿಕ್ಕಿದೆ ಎಂದು ಕೇಂಬ್ರಿಜ್‌ನ ನಿಕ್ಕು ಮಧುಸೂದನ್ ಅವರ ತಂಡ 2025ರ ಏಪ್ರಿಲ್‌ನಲ್ಲಿ ಜೇಮ್ಸ್ ವೆಬ್ ದೂರದರ್ಶಕದ ದತ್ತಾಂಶ ಆಧರಿಸಿ ಹೇಳಿತು. ಭೂಮಿಯ ಮೇಲೆ ಈ ಅನಿಲವನ್ನು ಮುಖ್ಯವಾಗಿ ಹೊಮ್ಮಿಸುವುದು ಸಾಗರದ ಸೂಕ್ಷ್ಮಜೀವಿಗಳು. ಸುಳಿವಿನ ಖಚಿತತೆ ಮೂರು ಸಿಗ್ಮಾ, ಅಂದರೆ ಆಕಸ್ಮಿಕವಾಗಿರುವ ಸಾಧ್ಯತೆ ಶೇಕಡಾ 0.3. ಶೋಧವೆಂದು ಕರೆಯಲು ಐದು ಸಿಗ್ಮಾ ಬೇಕು ಎಂದು ತಂಡವೇ ಹೇಳಿತ್ತು. ಅದೇ ದತ್ತಾಂಶವನ್ನು ಬೇರೆ ತಂಡಗಳು ಬೇರೆ ವಿಧಾನಗಳಲ್ಲಿ ವಿಶ್ಲೇಷಿಸಿದಾಗ ಸುಳಿವು ಕರಗಿಹೋಯಿತು. ಜೊತೆಗೆ, 67ಪಿ ಧೂಮಕೇತುವಿನಲ್ಲೂ ಡೈಮೀಥೈಲ್ ಸಲ್ಫೈಡ್ ಇದೆ ಎಂದು 2024ರಲ್ಲೇ ವರದಿಯಾಗಿತ್ತು. ಜೀವವಿಲ್ಲದ ಕಡೆಯೂ ಅದು ಹುಟ್ಟಬಲ್ಲದು ಎಂದ ಮೇಲೆ, ಇದ್ದದ್ದು ಖಚಿತವಾದರೂ ಜೀವದ ಸಾಕ್ಷಿಯಾಗಲು ಸಾಲದು. ಈ ದೂರದ ಗ್ರಹಕ್ಕೆ ಹೋಗಿ ನೋಡಿ ಬರುವಂತಿಲ್ಲ, ಪಕ್ಕದ ದಿಕ್ಕಿಗೆ ಹೊರಳಿ ಹೋಲಿಸುವಂತೆಯೂ ಇಲ್ಲ.

ಕೆಲವೊಮ್ಮೆ ಹೊಸ ದತ್ತಾಂಶವೇ ಬೇಕಿಲ್ಲ, ಪದಬಳಕೆಯೇ ಸಾಕು ಗದ್ದಲ ಎಬ್ಬಿಸಲು. 2025ರ ಜುಲೈ 1ರಂದು ಪತ್ತೆಯಾದ 3ಐ/ಅಟ್ಲಾಸ್, ಸೌರವ್ಯೂಹದ ಹೊರಗಿನಿಂದ ಬಂದದ್ದೆಂದು ತಿಳಿದಿರುವ ಮೂರನೆಯ ಕಾಯ. ಅದು ಅನ್ಯಗ್ರಹದ ನೌಕೆ ಇರಬಹುದೆಂಬ ಊಹೆ ತಿಂಗಳುಗಟ್ಟಲೆ ಹರಿದಾಡಿತು. ಅಕ್ಟೋಬರ್‌ನಲ್ಲಿ ದಕ್ಷಿಣ ಆಫ್ರಿಕಾದ ಮೀರ್‌ಕ್ಯಾಟ್ ದೂರದರ್ಶಕ ಅದರಿಂದ 1,665 ಮತ್ತು 1,667 ಮೆಗಾಹರ್ಟ್ಸ್‌ಗಳ ಗೆರೆಗಳನ್ನು ದಾಖಲಿಸಿದಾಗ ‘ರೇಡಿಯೊ ಸಂಕೇತ ಸಿಕ್ಕಿತು’ ಎಂಬ ತಲೆಬರಹಗಳು ಬಂದವು. ಅವು ಹೈಡ್ರಾಕ್ಸಿಲ್ ಅಣುಗಳ ಗುರುತು. ಧೂಮಕೇತುವಿನ ಮಂಜು ಆವಿಯಾಗಿ, ಆ ನೀರು ಬಿಸಿಲಿಗೆ ಒಡೆದಾಗ ಹುಟ್ಟುವಂಥವು. ಅಂದರೆ ಆ ‘ಸಂಕೇತ’ವೇ ಅದು ಧೂಮಕೇತು ಎಂಬುದಕ್ಕೆ ಸಾಕ್ಷಿ. ಅಲೆನ್ ದೂರದರ್ಶಕ ಸಮೂಹ ಮತ್ತು ಗ್ರೀನ್ ಬ್ಯಾಂಕ್ ದೂರದರ್ಶಕಗಳು ಅದರತ್ತ ತಿರುಗಿ ಕೃತಕ ಪ್ರಸಾರಕ್ಕಾಗಿ ಹುಡುಕಿದವು, ಏನೂ ಸಿಗಲಿಲ್ಲ. ಹುಡುಕಿದ್ದು ಸರಿಯಾಗಿಯೇ ಇದೆ. ಹುಡುಕಿ ನೋಡಿದವರಿಗೆ ಮಾತ್ರ ಇಲ್ಲ ಎನ್ನುವ ಹಕ್ಕು.

ಶೇಖ್ ಈಗ ಭೂಮಿಯಾಚೆಗಿನ ಬುದ್ಧಿಜೀವಿಗಳನ್ನು ಹುಡುಕುವ ಸೆಟಿ ಸಂಸ್ಥೆಯ ಸಂಶೋಧಕಿ. 2025ರಲ್ಲಿ ಅವರ ನೇತೃತ್ವದಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಪ್ರಶ್ನೆಯನ್ನು ತಿರುವಿ ಹಾಕುತ್ತದೆ: ನಮ್ಮಷ್ಟೇ ಉಪಕರಣಗಳಿರುವ ಯಾರಾದರೂ ಭೂಮಿಯನ್ನು ಎಷ್ಟು ದೂರದಿಂದ ಗುರುತಿಸಬಲ್ಲರು? ಪೋರ್ಟೊರಿಕೊದ ಅರೆಸಿಬೊ ದೂರದರ್ಶಕದಿಂದ ಗ್ರಹಗಳತ್ತ ಹೊಮ್ಮಿಸುತ್ತಿದ್ದಂಥ ರೇಡಾರ್ ಕಿರಣವನ್ನು ಸುಮಾರು 12,000 ಜ್ಯೋತಿರ್ವರ್ಷ ದೂರದಿಂದಲೂ ಹಿಡಿಯಬಹುದು. ಮೊಬೈಲ್ ಗೋಪುರಗಳ ಒಟ್ಟು ಪ್ರಸಾರ ಕೇಳಿಸುವುದು ಕೇವಲ ನಾಲ್ಕು ಜ್ಯೋತಿರ್ವರ್ಷಗಳವರೆಗೆ. ನಮ್ಮ ಕೈಗಾರಿಕೆ, ವಾಹನಗಳ ಹೊಗೆಯಲ್ಲಿನ ನೈಟ್ರೋಜನ್ ಡೈಆಕ್ಸೈಡನ್ನು ಮುಂದೆ ಬರಲಿರುವ ದೊಡ್ಡ ಬಾಹ್ಯಾಕಾಶ ದೂರದರ್ಶಕವೊಂದು ಆರು ಜ್ಯೋತಿರ್ವರ್ಷಗಳ ಒಳಗಷ್ಟೇ ಕಾಣಬಲ್ಲದು. ಆಕಾಶ ಮೌನವಾಗಿದೆ, ಆದ್ದರಿಂದ ಯಾರೂ ಇಲ್ಲ ಎನ್ನುವವರು ಈ ಅಂಕಿಗಳನ್ನು ನೋಡಬೇಕು. ಪ್ರಾಕ್ಸಿಮಾದಲ್ಲೇ ನಮ್ಮಂಥವರು ಇದ್ದು, ನಮ್ಮತ್ತ ರೇಡಾರ್ ಬೀರದೆ ತಮ್ಮ ಪಾಡಿಗೆ ಬದುಕುತ್ತಿದ್ದರೆ, ನಮಗೆ ಗೊತ್ತಾಗುವುದೂ ಕಷ್ಟ. ಇಲ್ಲ ಎಂಬ ಉತ್ತರಕ್ಕೂ ಒಂದು ಎಲ್ಲೆ ಇರುತ್ತದೆ, ಆ ಎಲ್ಲೆಯನ್ನು ಅಳೆದು ಹೇಳುವುದೂ ಅದೇ ಪ್ರಾಮಾಣಿಕತೆಯ ಮುಂದುವರಿಕೆ.

ಇತ್ತ ಭೂಮಿಯ ಗದ್ದಲ ಮಾತ್ರ ಏರುತ್ತಲೇ ಇದೆ. ನೆದರ್ಲೆಂಡ್ಸ್‌ನಲ್ಲಿ ಕೇಂದ್ರವಿದ್ದು ಯುರೋಪಿನ ಹಲವು ದೇಶಗಳಲ್ಲಿ ಹರಡಿರುವ ಲೋಫಾರ್ ರೇಡಿಯೊ ದೂರದರ್ಶಕ, ಇಂಟರ್ನೆಟ್ ಒದಗಿಸುವ ಸ್ಟಾರ್‌ಲಿಂಕ್ ಉಪಗ್ರಹಗಳ ಒಳಗಿನ ಎಲೆಕ್ಟ್ರಾನಿಕ್ ಭಾಗಗಳಿಂದಲೇ ಉದ್ದೇಶವಿಲ್ಲದೆ ಸೋರುವ ಅಲೆಗಳನ್ನು 2023ರಲ್ಲಿ ಪತ್ತೆ ಮಾಡಿತು. ಎರಡನೆಯ ಪೀಳಿಗೆಯ ಉಪಗ್ರಹಗಳಲ್ಲಿ ಈ ಸೋರಿಕೆ 32 ಪಟ್ಟುವರೆಗೂ ಹೆಚ್ಚು ಪ್ರಖರವಾಗಿದೆ ಎಂದು 2024ರ ವರದಿ ಹೇಳಿತು. ನೆಲದ ಮೇಲಿನ ಒಲೆಯನ್ನು ಆರಿಸಬಹುದು, ತಲೆಯ ಮೇಲೆ ಹಾಯುವ ಸಾವಿರಾರು ಉಪಗ್ರಹಗಳನ್ನು ಯಾರು ಆರಿಸುತ್ತಾರೆ? ಇದಕ್ಕೆ ಒಂದು ಉಪಾಯ, ದೂರದೂರದ ಎರಡು ಕಡೆಯಿಂದ ಏಕಕಾಲಕ್ಕೆ ನೋಡುವುದು. ಐರ್ಲೆಂಡಿನ ಬರ್ ಮತ್ತು ಸ್ವೀಡನ್ನಿನ ಒನ್ಸಾಲಾದ ಲೋಫಾರ್ ಕೇಂದ್ರಗಳು ಹೀಗೆ ಜೋಡಿಯಾಗಿ ಹುಡುಕಾಟ ನಡೆಸಿವೆ. ಒಂದರಲ್ಲಿ ಮಾತ್ರ ಕಂಡದ್ದನ್ನು ಅಲ್ಲೇ ಬಿಟ್ಟುಬಿಡಬಹುದು. 2019ರಲ್ಲಿ ಪ್ರಾಕ್ಸಿಮಾವನ್ನು ನೋಡುವಾಗ ಪಾರ್ಕ್ಸ್‌ಗೆ ಇಂಥ ಜೊತೆಗಾರ ಇದ್ದಿದ್ದರೆ ಬಿಎಲ್‌ಸಿ1 ಹುಟ್ಟುತ್ತಲೇ ಇರಲಿಲ್ಲ.

ಆಸ್ಟ್ರೇಲಿಯಾ ಮತ್ತು ದಕ್ಷಿಣ ಆಫ್ರಿಕಾಗಳಲ್ಲಿ ನಿರ್ಮಾಣವಾಗುತ್ತಿರುವ ಸ್ಕ್ವೇರ್ ಕಿಲೋಮೀಟರ್ ಅರೇ ಎಂಬ ರೇಡಿಯೊ ದೂರದರ್ಶಕ ಸಮೂಹ ಪೂರ್ಣವಾಗಿ ಕೆಲಸ ಆರಂಭಿಸಿದಾಗ ಹರಿದುಬರುವ ದತ್ತಾಂಶದ ಮುಂದೆ ಆ 40 ಲಕ್ಷ ಸಂಕೇತಗಳು ಏನೇನೂ ಅಲ್ಲ. ಎಲ್ಲ ಜರಡಿಗಳನ್ನೂ ದಾಟಿ ಉಳಿಯುವ ಗೆರೆಗಳು ಆಗ ಒಂದೊಂದಾಗಿ ಬರುವುದಿಲ್ಲ, ಹಿಂಡುಹಿಂಡಾಗಿ ಬರುತ್ತವೆ. ಪ್ರತಿಯೊಂದರ ಹಿಂದೆಯೂ ತಿಂಗಳುಗಟ್ಟಲೆ ಕುಳಿತು, ಎಸೆದ ಕಸವನ್ನು ಕೆದಕಿ, ಇದು ನಮ್ಮದೇ ಎಂದು ತೋರಿಸುವವರು ಬೇಕು. ದೂರದರ್ಶಕಗಳಿಗೆ ದಶಕಗಳ ಮಟ್ಟದಲ್ಲಿ ಹಣ ಹೂಡುವ ಸರ್ಕಾರಗಳು ಈ ಕೆಲಸವನ್ನು ಇಂದಿಗೂ ಬಿಡುತ್ತಿರುವುದು ಪಿಎಚ್‌.ಡಿ. ವಿದ್ಯಾರ್ಥಿಗಳಿಗೆ ಮತ್ತು ಎರಡು ಮೂರು ವರ್ಷಗಳ ತಾತ್ಕಾಲಿಕ ನೇಮಕದಲ್ಲಿರುವವರಿಗೆ.